ಸಹಿ ಹಾಕುವ ಕೈ, ಹೊರೆ ಹೊರುವ ಹೆಗಲು



ಸಂತ ಮತ್ತಾಯನ ಶುಭಸಂದೇಶದ ಹದಿನೆಂಟನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಸಾಲಗಾರ ಸೇವಕನ ಸಾಮತಿ ನಿಮಗೆಲ್ಲ ಗೊತ್ತು. ಒಬ್ಬ ಅರಸ ಲೆಕ್ಕ ಕೇಳುತ್ತಾನೆ. ಸೇವಕನ ತಲೆಯ ಮೇಲೆ ತೀರಿಸಲಾಗದಷ್ಟು ಸಾಲವಿದೆ. ಅವನನ್ನೂ ಅವನ ಹೆಂಡತಿಯನ್ನೂ ಮಕ್ಕಳನ್ನೂ ಮನೆಯ ಸೊತ್ತನ್ನೂ ಮಾರಿ ಸಾಲ ವಸೂಲು ಮಾಡಬೇಕೆಂದು ಅರಸ ಅಪ್ಪಣೆ ಕೊಡುತ್ತಾನೆ. ಈ ಸಾಮತಿಯನ್ನು ಓದಿದಾಗ ನಾವು ಕ್ಷಮೆಯ ವಿಷಯ ಮಾತನಾಡುತ್ತೇವೆ. ಅದು ಸರಿಯೇ. ಆದರೆ ಇಂದು ಒಂದು ಕ್ಷಣ ಆ ಹೆಂಡತಿಯ ಕಡೆ ನೋಡೋಣ. ಸಾಮತಿಯಲ್ಲಿ ಆಕೆಗೆ ಹೆಸರಿಲ್ಲ, ಒಂದು ಮಾತೂ ಇಲ್ಲ. ಗಂಡ ಎಷ್ಟು ಸಾಲ ಮಾಡಿದ್ದ ಎಂಬುದು ಆಕೆಗೆ ಗೊತ್ತಿತ್ತೋ ಇಲ್ಲವೋ! ಅವಳು ಹಣ ಎಣಿಸಿಕೊಂಡವಳಲ್ಲ. ಆದರೂ ಮಾರಾಟಕ್ಕೆ ನಿಲ್ಲಬೇಕಾದವಳು.

ಸಾಲ ಎಂದೂ ಒಬ್ಬನ ಹತ್ತಿರ ನಿಲ್ಲುವುದಿಲ್ಲ. ಅದು ಅವನ ಜೊತೆ ಮನೆಗೆ ಬರುತ್ತದೆ, ಒಲೆಯ ಹತ್ತಿರ ಕೂಡುತ್ತದೆ, ಒಂದೇ ತಟ್ಟೆಯಲ್ಲಿ ಉಣ್ಣುತ್ತದೆ.

ನಮ್ಮ ಹಾವೇರಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಡಗಿಯ ಮೆಣಸಿನಕಾಯಿ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆಯಿತು. ಆ ಕೆಂಪು ಬಣ್ಣ ಜಗತ್ತಿಗೆಲ್ಲ ಗೊತ್ತು. ಆದರೆ 2024ರ ಮಾರ್ಚ್ 11ರ ಸೋಮವಾರ ಅದೇ ಮಾರುಕಟ್ಟೆಯಲ್ಲಿ ಬೆಲೆ ಕುಸಿದಾಗ ರೈತರ ಸಿಟ್ಟು ಬೆಂಕಿಯಾಗಿ ವಾಹನಗಳನ್ನೂ ಎ.ಪಿ.ಎಂ.ಸಿ. ಕಚೇರಿಯನ್ನೂ ಸುಟ್ಟಿತು. ಹಿಂಸೆಯನ್ನು ಯಾರೂ ಒಪ್ಪಲಾರರು. ಆದರೆ ಆ ದಿನ ಚೀಲದೊಳಗಿದ್ದದ್ದು ಬರೀ ಮೆಣಸಿನಕಾಯಿ ಅಲ್ಲ; ಬೀಜದ ಸಾಲ, ಗೊಬ್ಬರದ ಸಾಲ, ಮಗಳ ಮದುವೆಯ ಕೈಗಡ, ಎಲ್ಲವೂ ಆ ಚೀಲದಲ್ಲಿತ್ತು. ದರ ಬಿದ್ದರೆ ರೈತ ಬೀಳುತ್ತಾನೆ. ಅವನ ಹಿಂದೆ ದಲಾಲಿ ಅಂಗಡಿಯವ, ಗಾಡಿಯವ, ಹಮಾಲ, ತೊಟ್ಟು ಬಿಡಿಸುವ ಹೆಂಗಸು. ರಾಣೆಬೆನ್ನೂರಿನ ಬೀಜದ ವ್ಯಾಪಾರ, ಹತ್ತಿ ವ್ಯಾಪಾರದಲ್ಲೂ ಇದೇ ಸರಪಳಿ.

2025ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಮಹಿಳೆಯರು ಮೈಕ್ರೋ ಫೈನಾನ್ಸ್ ವಸೂಲಿಗಾರರ ಕಿರುಕುಳ ತಾಳಲಾರದೆ ತಮ್ಮ ಮಾಂಗಲ್ಯವನ್ನೇ ಅಂಚೆಯ ಮೂಲಕ ಮುಖ್ಯಮಂತ್ರಿಗಳಿಗೆ ಕಳುಹಿಸಿದರು. ಮಾಂಗಲ್ಯ ಉಳಿಸಿ ಎಂಬುದೇ ಅವರ ಕೂಗು. ಫೆಬ್ರವರಿ 12ರಂದು ರಾಜ್ಯಪಾಲರ ಅಂಕಿತದೊಡನೆ ಒಂದು ಸುಗ್ರೀವಾಜ್ಞೆ ಬಂತು. ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗೆ ಸೆರೆಮನೆ, ಐದು ಲಕ್ಷ ರೂಪಾಯಿವರೆಗೆ ದಂಡ ಎಂದು ಅದು ಹೇಳಿತು.

ಆ ಮಾಂಗಲ್ಯಗಳ ಸುದ್ದಿ ಓದುವಾಗ ಒಂದು ಪ್ರಶ್ನೆ ಏಳುತ್ತದೆ. ಕಳುಹಿಸಲು ಮಾಂಗಲ್ಯವೇ ಇಲ್ಲದ ಹೆಣ್ಣುಮಗಳ ಗತಿ ಏನು? ಮದುವೆಯಿಲ್ಲದೆ ಒಬ್ಬನೊಡನೆ ಬಾಳುತ್ತಿರುವವಳು, ಅವನ ಸಾಲದ ಭಾರ ಅವನಷ್ಟೇ ಹೊರುತ್ತಿರುವವಳು ಯಾರ ಹೆಸರಿನಲ್ಲಿ ಕೂಗಬೇಕು?

'ಅಂಥವರು ಬೆಂಗಳೂರಿನಲ್ಲಿ ಇರುತ್ತಾರೆ ಫಾದರ್, ನಮ್ಮ ಕಡೆ ಇಲ್ಲ' ಎಂದು ಹೇಳಬೇಡಿ. ಉಡಿಕೆ, ಕೂಡಿಕೆ ಎಂಬ ಮಾತುಗಳು ನಮ್ಮ ಸೀಮೆಯಲ್ಲಿ ಬಹಳ ಹಳೆಯವು. ಗಂಡ ಬಿಟ್ಟುಹೋದವಳು, ಚಿಕ್ಕ ವಯಸ್ಸಿನ ವಿಧವೆ, ಬೇರೆ ಬೇರೆ ಜಾತಿ ಧರ್ಮದ ಇಬ್ಬರು, ಮದುವೆಯ ಖರ್ಚಿಗೆ ಹಣವಿಲ್ಲದೆ 'ಮುಂದಿನ ಸುಗ್ಗಿಗೆ ನೋಡೋಣ' ಎಂದು ಹತ್ತು ಸುಗ್ಗಿ ಕಳೆದವರು, ಹೀಗೆ ಕೂಡಿ ಬಾಳುವವರು ಹಳ್ಳಿಯಲ್ಲೂ ಇದ್ದಾರೆ, ಪಟ್ಟಣದಲ್ಲೂ ಇದ್ದಾರೆ. ಶ್ರೀಸಭೆ ಇದನ್ನು ಅರಿಯದೆ ಇಲ್ಲ. ವಿವಾಹ ಸಂಸ್ಕಾರವಿಲ್ಲದ ಸಹಜೀವನ ದೇವರ ಯೋಜನೆಗೆ ಪೂರ್ಣವಾಗಿ ಹೊಂದುವುದಿಲ್ಲವೆಂಬ ಬೋಧನೆಯನ್ನು ಅದು ಬಿಟ್ಟುಕೊಟ್ಟಿಲ್ಲ. ಆದರೂ ಸಂತ ಎರಡನೆಯ ಜಾನ್ ಪೌಲರು 1981ರಲ್ಲಿ ಕುಟುಂಬದ ಕುರಿತು ಬರೆದ ಪತ್ರದಲ್ಲಿ, ಆರ್ಥಿಕ ಸಂಕಷ್ಟವೂ ಕೆಲವರನ್ನು ಈ ಸ್ಥಿತಿಗೆ ತಳ್ಳುತ್ತದೆ ಎಂದು ಗುರುತಿಸಿದರು. ಪೋಪ್ ಫ್ರಾನ್ಸಿಸ್ ಅವರು 2016ರ ತಮ್ಮ ಪತ್ರದಲ್ಲಿ ಇನ್ನೂ ಸ್ಪಷ್ಟವಾಗಿ, ಕೆಲವು ದೇಶಗಳಲ್ಲಿ ಮದುವೆಯ ಖರ್ಚೇ ಬಡವರನ್ನು ಮದುವೆಯಿಂದ ದೂರ ಇಡುತ್ತಿದೆ ಎಂದರು. ಆದುದರಿಂದ ಮೊದಲು ಕಲ್ಲು ಕೆಳಗಿಡೋಣ, ಆಮೇಲೆ ಮಾತನಾಡೋಣ.

ಹೀಗೊಂದು ಮನೆಯನ್ನು ಊಹಿಸಿಕೊಳ್ಳಿ. ಅವನು ಬ್ಯಾಡಗಿಯಲ್ಲಿ ಸಣ್ಣ ಮೆಣಸಿನಕಾಯಿ ವ್ಯಾಪಾರಿ. ಅವಳು ತೊಟ್ಟು ಬಿಡಿಸಲು ಹೋಗುತ್ತಾಳೆ. ಎಂಟು ವರ್ಷದಿಂದ ಒಂದೇ ಸೂರಿನಡಿ ಇದ್ದಾರೆ. ಒಂದು ಮಗುವಿದೆ. ಅವಳ ಕೂಲಿಯೂ ಅವನ ಲಾಭವೂ ಒಂದೇ ಡಬ್ಬಿಗೆ ಬೀಳುತ್ತವೆ. ಒಂದು ದಿನ ಅವನು ಕಾಗದ ತಂದು, 'ಇಲ್ಲೊಂದು ಸಹಿ ಮಾಡು' ಎನ್ನುತ್ತಾನೆ. 'ಏನಿದು?' ಎಂದರೆ, 'ನಂಬಿಕೆ ಇಲ್ಲೇನು ನನ್ನ ಮ್ಯಾಲೆ?' ಎನ್ನುತ್ತಾನೆ. ಅವಳು ಸಹಿ ಹಾಕುತ್ತಾಳೆ. ಎರಡು ವರ್ಷದ ನಂತರ ದರ ಬಿದ್ದು, ಬಡ್ಡಿ ಏರಿ, ಅವನು ದಿವಾಳಿ ಏಳುತ್ತಾನೆ. ಆಗ ಏನಾಗುತ್ತದೆ?

ಕಾನೂನು ಏನು ಹೇಳುತ್ತದೆ ಎಂದು ತಿಳಿಯುವುದೂ ಒಂದು ಧರ್ಮಕಾರ್ಯ. ಸಂತ ಥೋಮಸ್ ಅಕ್ವಿನಾಸರ ದಾರಿಯಲ್ಲಿ ನಡೆಯುವ ನಮ್ಮ ನೀತಿಶಾಸ್ತ್ರವು ವಿವೇಕವನ್ನು ಉಳಿದ ಸದ್ಗುಣಗಳ ಸಾರಥಿ ಎನ್ನುತ್ತದೆ. ಸಾರಥಿಗೆ ದಾರಿ ಗೊತ್ತಿರಬೇಕು.

ಮೊದಲನೆಯದು, ಸಾಲ ಸಹಿ ಮಾಡಿದವನದು. ಕೂಡಿ ಬಾಳಿದ ಮಾತ್ರಕ್ಕೆ ಒಬ್ಬರ ಸಾಲ ಇನ್ನೊಬ್ಬರದಾಗುವುದಿಲ್ಲ. ಮದುವೆಯಾದ ಹೆಂಡತಿಗೂ ಇದೇ ನ್ಯಾಯ. ಆದರೆ ಅವಳು ಜಂಟಿ ಸಾಲಗಾರಳಾಗಿಯೋ ಜಾಮೀನುದಾರಳಾಗಿಯೋ ಸಹಿ ಮಾಡಿದ್ದರೆ ಕಥೆ ಬೇರೆ. 1872ರ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಬೇರೆ ಕರಾರು ಇಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಅರ್ಧ ಅಲ್ಲ, ಪೂರ್ತಿ.

ಎರಡನೆಯದು, ಅವನ ದಿವಾಳಿ ಅವಳ ಬಿಡುಗಡೆಯಲ್ಲ. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳ ದಿವಾಳಿಗೂ ಅಧ್ಯಾಯಗಳಿವೆ; ಆದರೆ 2019ರ ಡಿಸೆಂಬರ್ 1ರಿಂದ ಅವು ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ಸ್ವತಃ ಜಾಮೀನು ನಿಂತವರಿಗೆ ಮಾತ್ರ. ನಮ್ಮಂಥ ಜಿಲ್ಲೆಗಳ ಸಾಮಾನ್ಯ ಸಾಲಗಾರನಿಗೆ ಉಳಿದ ದಾರಿ 1920ರ ಪ್ರಾಂತೀಯ ದಿವಾಳಿ ಕಾಯಿದೆ. ಅದರಂತೆ ನ್ಯಾಯಾಲಯ ಒಬ್ಬನನ್ನು ದಿವಾಳಿ ಎಂದು ಘೋಷಿಸಿದರೆ ಅವನ ಆಸ್ತಿ ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರ್‌ನ ವಶಕ್ಕೆ ಹೋಗುತ್ತದೆ. ಮುಂದೆ ನ್ಯಾಯಾಲಯ ಅವನನ್ನು ಸಾಲದಿಂದ ಬಿಡುಗಡೆ ಮಾಡಬಹುದು. ಆದರೆ ಅವನ ಜೊತೆ ಸಹಿ ಮಾಡಿದವರಿಗೆ, ಜಾಮೀನು ನಿಂತವರಿಗೆ ಆ ಬಿಡುಗಡೆ ಸಿಗುವುದಿಲ್ಲವೆಂದು ಅದೇ ಕಾಯಿದೆಯ 44ನೆಯ ಕಲಮು ಹೇಳುತ್ತದೆ. ಅವನು ಕೈ ಕೊಡವಿಕೊಂಡು ಎದ್ದ ಮೇಲೆ ಸಾಲಗಾರರು ಬರುವುದು ಅವಳ ಬಾಗಿಲಿಗೆ.

ಮೂರನೆಯದು, 'ಮನೆಯನ್ನು ನಿನ್ನ ಹೆಸರಿಗೆ ಮಾಡಿಬಿಡುತ್ತೇನೆ, ಯಾರೂ ಮುಟ್ಟಲಾರರು' ಎಂಬ ಉಪಾಯ ನಡೆಯುವುದಿಲ್ಲ. ಹಾಗೆ ಬರೆದುಕೊಟ್ಟ ಎರಡು ವರ್ಷದೊಳಗೆ ಸಲ್ಲಿಸಿದ ಅರ್ಜಿಯ ಮೇಲೆ ದಿವಾಳಿ ಘೋಷಣೆಯಾದರೆ ಆ ವರ್ಗಾವಣೆಯನ್ನು ನ್ಯಾಯಾಲಯ ರದ್ದು ಮಾಡಬಹುದು. ಅವಳಿಗೆ ಮನೆಯೂ ಉಳಿಯುವುದಿಲ್ಲ. ಮೋಸದಲ್ಲಿ ಪಾಲುದಾರಳೆಂಬ ಹೆಸರು ಮಾತ್ರ ಉಳಿಯುತ್ತದೆ.

ನಾಲ್ಕನೆಯದನ್ನು ಗಮನವಿಟ್ಟು ಓದಿರಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಸಾಲಕ್ಕೆ ಜಪ್ತಿ ಮಾಡಬಾರದ ವಸ್ತುಗಳನ್ನು ಹೆಸರಿಸುತ್ತದೆ. ಸಾಲಗಾರನ, ಅವನ ಹೆಂಡತಿಯ ಮತ್ತು ಮಕ್ಕಳ ಅಗತ್ಯ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ, ಧಾರ್ಮಿಕ ಪದ್ಧತಿಯಂತೆ ಹೆಣ್ಣು ಮೈಯಿಂದ ತೆಗೆಯಬಾರದ ಆಭರಣ, ಕುಶಲಕರ್ಮಿಯ ಉಪಕರಣ, ರೈತನ ಎತ್ತು, ಬೇಸಾಯದ ಸಾಮಾನು, ಬಿತ್ತನೆಯ ಬೀಜ, ಅವನು ವಾಸಿಸುವ ಮನೆ. ಅಡವಿಟ್ಟ ಆಸ್ತಿಯ ಮಾತು ಬೇರೆ. ಈ ಪಟ್ಟಿಯಲ್ಲಿ ಹೆಂಡತಿ ಎಂಬ ಪದವಿದೆ. ಕೂಡಿ ಬಾಳಿದವಳು ಎಂಬ ಪದವಿಲ್ಲ. ಅವಳ ದುಡಿಮೆಯ ಸೊತ್ತು ಅವಳದೇ, ನಿಜ. ಆದರೆ ರಸೀದಿ ಇಲ್ಲದಿದ್ದರೆ ಒಂದು ಡಬ್ಬಿಯಲ್ಲಿ ಬೆರೆತ ಹಣವನ್ನು ಯಾರು ಬೇರ್ಪಡಿಸಿ ತೋರಿಸಬಲ್ಲರು? ಟ್ರೆಜರಿ, ಮಂಚ, ಹೊಲಿಗೆ ಯಂತ್ರ ನನ್ನದೆಂದು ಸಾಬೀತು ಮಾಡುವ ಭಾರ ಅವಳ ಮೇಲೆಯೇ ಬೀಳುತ್ತದೆ. ಅವನು ಉಯಿಲು ಬರೆಯದೆ ತೀರಿಕೊಂಡರೆ, ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಲ್ಲಿ ವಿಧವೆಗೆ ಪಾಲಿದೆ. ಮದುವೆಯಿಲ್ಲದ ಸಂಗಾತಿಗೆ ಪಾಲಿಲ್ಲ.

ಮದುವೆಯ ಸ್ವರೂಪದ ಸಂಬಂಧದಲ್ಲಿರುವ ಹೆಣ್ಣಿಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಕೆಲವು ರಕ್ಷಣೆ ಕೊಟ್ಟಿದೆ. ಆದರೆ 2013ರಲ್ಲಿ ಬೆಂಗಳೂರಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕೂಡಿ ಇದ್ದ ಎಲ್ಲ ಸಂಬಂಧವೂ ಅಂಥದ್ದಲ್ಲ ಎಂದಿತು. ಎಷ್ಟು ಕಾಲ ಕೂಡಿ ಬಾಳಿದರು, ಹಣಕಾಸು ಹೇಗೆ ಕೂಡಿಸಿದರು, ಜಂಟಿ ಖಾತೆ ಇತ್ತೇ, ಸಮಾಜದ ಮುಂದೆ ದಂಪತಿಗಳಂತೆ ನಡೆದರೇ ಎಂದೆಲ್ಲ ನೋಡಬೇಕೆಂದಿತು. ಆತನಿಗೆ ಹೆಂಡತಿ ಇದ್ದಾಳೆಂದು ತಿಳಿದೂ ಕೂಡಿ ಬಾಳಿದ್ದ ಆ ಮಹಿಳೆಗೆ ಪರಿಹಾರ ಸಿಗಲಿಲ್ಲ.

ಇನ್ನು ಸಂಘದ ಸಾಲ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡವಿಲ್ಲದೆ ಕೊಡುವ ಸಾಲ ಮೈಕ್ರೋ ಫೈನಾನ್ಸ್ ಸಾಲ. ತಿಂಗಳ ಒಟ್ಟು ಕಂತು ಕುಟುಂಬದ ತಿಂಗಳ ಆದಾಯದ ಅರ್ಧ ಮೀರಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಕಾಡಬಾರದು. ಆದರೆ ಅಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಕೂಡಿ ಬಾಳುವ ಇಬ್ಬರು ಕಾಗದದಲ್ಲಿ ಎರಡು ಕುಟುಂಬಗಳೆಂದು ಎಣಿಕೆಯಾದರೆ, ಒಂದೇ ಒಲೆಯ ಮೇಲೆ ಎರಡು ಮನೆಗಳ ಸಾಲ ಕೂಡುವ ಅಪಾಯವಿದೆ.

ಹೀಗೆ ಒಟ್ಟು ನೋಡಿದರೆ ಒಂದು ಸತ್ಯ ಹೊರಬೀಳುತ್ತದೆ. ಸಾಲ ಬಂದಾಗ ಕಾನೂನು ಯಾರು ಯಾರನ್ನು ಪ್ರೀತಿಸಿದರು ಎಂದು ಕೇಳುವುದಿಲ್ಲ. ಯಾರು ಸಹಿ ಮಾಡಿದರು ಎಂದು ಕೇಳುತ್ತದೆ. ಮದುವೆಯಿಲ್ಲದೆ ಬಾಳುವವಳು ಹೆಂಡತಿಯ ಹೊರೆಯನ್ನೆಲ್ಲ ಹೊರುತ್ತಾಳೆ. ಹೆಂಡತಿಯ ಹೆಸರು ಮಾತ್ರ ಅವಳಿಗಿಲ್ಲ.

ಪವಿತ್ರ ಗ್ರಂಥ ಈ ವಿಷಯದಲ್ಲಿ ಮೌನವಾಗಿಲ್ಲ. ಜ್ಞಾನೋಕ್ತಿಗಳ ಗ್ರಂಥ ಕಣ್ಣು ಮುಚ್ಚಿ ಜಾಮೀನು ನಿಲ್ಲುವವನನ್ನು ಎಚ್ಚರಿಸುತ್ತದೆ. ಕೊಡಲು ಹಣವಿಲ್ಲದಾಗ ಮಲಗಿದ ಹಾಸಿಗೆಯನ್ನೂ ಒಯ್ದಾರು ಎನ್ನುತ್ತದೆ. ಧರ್ಮೋಪದೇಶಕಾಂಡದ ಇಪ್ಪತ್ನಾಲ್ಕನೆಯ ಅಧ್ಯಾಯ ಸಾಲ ಕೊಟ್ಟವನಿಗೆ ಎಲ್ಲೆ ಹಾಕುತ್ತದೆ. ಬೀಸುವ ಕಲ್ಲನ್ನು ಒತ್ತೆ ತೆಗೆದುಕೊಳ್ಳಬಾರದು. ಒತ್ತೆ ಪಡೆಯಲು ಮನೆಯೊಳಗೆ ನುಗ್ಗದೆ ಹೊರಗೆ ನಿಲ್ಲಬೇಕು. ಬಡವನ ಹೊದಿಕೆಯನ್ನು ಸೂರ್ಯ ಮುಳುಗುವ ಮೊದಲು ಹಿಂದಿರುಗಿಸಬೇಕು. ಹಾಸಿಗೆ, ಪಾತ್ರೆ, ಬಿತ್ತನೆಯ ಬೀಜ ಮುಟ್ಟಬಾರದೆಂಬ ಇಂದಿನ ಕಾನೂನಿನ ಹಿಂದೆಯೂ ಇದೇ ಕರುಣೆಯ ನೆರಳಿದೆ.

ಆದರೆ ಸಿರಾಖನ ಗ್ರಂಥದ ಇಪ್ಪತ್ತೊಂಬತ್ತನೆಯ ಅಧ್ಯಾಯ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. ಒಳ್ಳೆಯವನು ನೆರೆಯವನಿಗಾಗಿ ಜಾಮೀನು ನಿಲ್ಲುತ್ತಾನೆ; ಹಾಗೆ ನಿಂತವನ ಉಪಕಾರವನ್ನು ಮರೆಯಬಾರದು; ಜಾಮೀನು ಅನೇಕ ಅನುಕೂಲಸ್ಥರನ್ನು ಹಾಳು ಮಾಡಿದೆ, ಆದುದರಿಂದ ಶಕ್ತಿಯಿದ್ದಷ್ಟು ನೆರವಾಗು, ನೀನೇ ಬೀಳದಂತೆ ನೋಡಿಕೋ ಎಂಬುದು ಅದರ ಸಾರ. ಪ್ರೀತಿಯೂ ಬೇಕು, ಎಚ್ಚರವೂ ಬೇಕು. ಎಚ್ಚರ ಪ್ರೀತಿಯ ಶತ್ರುವಲ್ಲ.

ಹೊಣೆ ಹೊತ್ತ ಸಹೋದರನೇ, ನಿನಗೆ ಮೊದಲ ಮಾತು. ನಿನ್ನ ಸಾಲದ ಲೆಕ್ಕವನ್ನು ನಿನ್ನ ಜೊತೆ ಬಾಳುವವಳಿಂದ ಮುಚ್ಚಿಡಬೇಡ. ಅವಳ ಕೈಯಲ್ಲಿ ಓದದ ಕಾಗದಕ್ಕೆ ಸಹಿ ಹಾಕಿಸುವುದು, ಅವಳಿಂದ ಖಾಲಿ ಚೆಕ್ಕಿಗೆ ಸಹಿ ಪಡೆಯುವುದು ನಂಬಿಕೆಯ ಪರೀಕ್ಷೆಯಲ್ಲ, ನಂಬಿಕೆಯ ದುರುಪಯೋಗ. ಚೆಕ್ಕು ಮರಳಿ ಬಂದರೆ ಮೊಕದ್ದಮೆ ಎದುರಿಸಬೇಕಾದವಳು ಸಹಿ ಮಾಡಿದ ಅವಳೇ. ನಿನಗೆ ನಾಚಿಕೆಯಾಗುತ್ತದೆ, ಬಲ್ಲೆ. ಆದರೆ ಹೇಳಿದ ಸಾಲ ಇಬ್ಬರಿಗೆ ಭಾರ. ಹೇಳದ ಸಾಲ ಒಬ್ಬನನ್ನು ಕೊಲ್ಲುತ್ತದೆ. ಸಾಲ ತೀರಿಸಲಾಗದ್ದು ತಾನೇ ಅಪರಾಧವಲ್ಲ. ಪ್ರಾಣಕ್ಕಿಂತ ದೊಡ್ಡ ಅಸಲಿಲ್ಲ. ಮನಸ್ಸು ಕತ್ತಲಾದಾಗ ನಿಮ್ಮ ಗುರುಗಳ ಬಾಗಿಲು ತಟ್ಟಿರಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯವರು ಹಣ ಕೇಳದೆ ಮಾತನಾಡುತ್ತಾರೆ.

ತಂಗಿ, ನಿನಗೆ ಎರಡನೆಯ ಮಾತು. ಓದದೆ ಸಹಿ ಮಾಡಬೇಡ. ಓದಲು ಬಾರದಿದ್ದರೆ ಓದಿಸಿಕೊಂಡು ಕೇಳು. ನಿನ್ನ ಹೆಸರಿನಲ್ಲೇ ಒಂದು ಖಾತೆ ಇಟ್ಟುಕೋ. ಕೊಂಡ ಸಾಮಾನಿನ ರಸೀದಿ ಜೋಪಾನ ಮಾಡು. ಹಳೆಯ ಕಂತು ಕಟ್ಟಲು ಹೊಸ ಸಂಘದ ಸಾಲ ಎತ್ತಬೇಡ. ಹಣದ ಡಿಕ್ರಿಗಾಗಿ ಹೆಣ್ಣುಮಗಳನ್ನು ಬಂಧಿಸಿ ಸಿವಿಲ್ ಸೆರೆಯಲ್ಲಿಡಲು ಕಾನೂನು ಬಿಡುವುದಿಲ್ಲ. ಹಾಗೆ ಹೆದರಿಸಿದವರಿಗೆ ಅಂಜಬೇಡ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಮಹಿಳೆಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಹಾವೇರಿಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. 15100 ದೂರವಾಣಿ ಇದೆ. ಯಾವ ಅಧಿಕಾರಿಯೂ ನಿನಗೆ ತಾಳಿ ಇದೆಯೇ ಎಂದು ಕೇಳಿ ನೆರವು ಕೊಡುವುದಿಲ್ಲ. ಹೋಗು, ಕೇಳು.

ನೆರೆಹೊರೆಯವರೇ, ಬಂಧುಗಳೇ, ನಿಮಗೊಂದು ಮಾತು. ಪ್ರವಾದಿ ಎಲಿಷನ ಹತ್ತಿರ ಬಂದ ವಿಧವೆಯನ್ನು ನೆನೆಯಿರಿ. ಗಂಡ ಸತ್ತಿದ್ದ, ಸಾಲ ಕೊಟ್ಟವನು ಇಬ್ಬರು ಮಕ್ಕಳನ್ನು ಜೀತಕ್ಕೆ ಒಯ್ಯಲು ಬಂದಿದ್ದ. ಎಲಿಷ ಕೇಳಿದ್ದು, 'ಸಾಲ ಎಷ್ಟು, ಯಾಕೆ ಮಾಡಿದಿರಿ' ಎಂದಲ್ಲ. ಮನೆಯಲ್ಲಿ ಏನಿದೆ ಎಂದು ಕೇಳಿದ. ಒಂದು ಕುಡಿಕೆ ಎಣ್ಣೆ ಇತ್ತು. ನೆರೆಯವರಿಂದ ಬರಿಯ ಪಾತ್ರೆಗಳನ್ನು ಕೇಳಿ ತಂದಳು. ಎಣ್ಣೆ ತುಂಬಿತು. ಮಾರಿ ಸಾಲ ತೀರಿಸಿದಳು, ಉಳಿದದ್ದರಲ್ಲಿ ಬಾಳಿದಳು. ದೇವರ ಅದ್ಭುತ ಆ ಸಾಲವನ್ನು ಗಾಳಿಗೆ ತೂರಲಿಲ್ಲ; ದುಡಿದು ತೀರಿಸುವ ದಾರಿ ಮಾಡಿಕೊಟ್ಟಿತು. ಆ ಅದ್ಭುತಕ್ಕೆ ನೆರೆಯವರ ಪಾತ್ರೆಗಳು ಬೇಕಾದವು. ಅಂದು ಆ ನೆರೆಯವರು, 'ಅವಳ ಗಂಡ ಹಾಗಿದ್ದ, ಹೀಗಿದ್ದ' ಎಂದು ಬಾಗಿಲು ಹಾಕಿಕೊಂಡಿದ್ದರೆ ಎಣ್ಣೆ ಎಲ್ಲಿ ತುಂಬುತ್ತಿತ್ತು?

ನಮ್ಮ ಸೀಮೆಗೆ ಇಂಥ ಪಾತ್ರೆಗಳನ್ನು ಕೂಡಿಸುವುದು ಹೊಸದಲ್ಲ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರಿ ಸಂಘ ಕಟ್ಟಿದರು. ಇಟಲಿಯ ಪೆರುಜಾದಲ್ಲಿ 1462ರಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಪ್ರೇರಣೆಯಿಂದ, ಬಡ್ಡಿಕೋರರ ಕೈಯಿಂದ ಬಡವರನ್ನು ಬಿಡಿಸಲು ಒತ್ತೆಯ ಮೇಲೆ ಹಣ ಕೊಡುವ ಧರ್ಮನಿಧಿ ಹುಟ್ಟಿತು. ನಮ್ಮ ಧರ್ಮಕೇಂದ್ರಗಳಲ್ಲೂ ಪೂಜೆಯ ನಂತರ ಅರ್ಧ ಗಂಟೆ ಸಾಲದ ಲೆಕ್ಕ ನೋಡಿಕೊಡುವ ನಾಲ್ಕು ಜನ ಓದಿದವರು ಕುಳಿತರೆ ಸಾಕು, ಎಷ್ಟೋ ಮನೆಗಳು ಉಳಿದಾವು.

ಕೊನೆಯದಾಗಿ ಮದುವೆಯ ಮಾತು. ಮದುವೆ ಸಾಲದ ವಿಮೆಯಲ್ಲ. ಮದುವೆಯಾದವರೂ ದಿವಾಳಿ ಏಳುತ್ತಾರೆ. ಹಾಗಾದರೆ ವ್ಯತ್ಯಾಸವೇನು? ವಿವಾಹ ಸಂಸ್ಕಾರದಲ್ಲಿ ಇಬ್ಬರೂ ದೇವರ ಮುಂದೆ, ಸಾಕ್ಷಿಗಳ ಮುಂದೆ, ಸಮೃದ್ಧಿಯಲ್ಲೂ ಕಷ್ಟದಲ್ಲೂ ಒಬ್ಬರಿಗೊಬ್ಬರು ಹೊಣೆ ಎಂದು ಬಾಯಿಬಿಟ್ಟು ಹೇಳುತ್ತಾರೆ. ಅದೂ ಒಂದು ಸಹಿ. ಆದರೆ ತಿಳಿದು, ಬೆಳಕಿನಲ್ಲಿ ಇಬ್ಬರೂ ಹಾಕಿದ ಸಹಿ. ಕೂಡಿ ಬಾಳುವ ಇಬ್ಬರು ಈಗಾಗಲೇ ಹೊರೆ ಹೊರುತ್ತಿದ್ದಾರೆ. ಅದನ್ನು ಬೆಳಕಿಗೆ ತರಲು ಏನು ಅಡ್ಡಿ? ಹಿಂದಿನ ಮದುವೆಯ ಬಂಧನದಂಥ ತೊಡಕು ಇದ್ದರೆ ನಿಮ್ಮ ಗುರುಗಳೊಡನೆ ಮಾತನಾಡಿರಿ. ದಾರಿ ಉದ್ದವಾಗಬಹುದು, ಆದರೆ ಒಬ್ಬರೇ ನಡೆಯಬೇಕಾಗಿಲ್ಲ. ಖರ್ಚೊಂದೇ ಅಡ್ಡಿಯಾಗಿದ್ದರೆ ಅದು ಅಡ್ಡಿಯೇ ಅಲ್ಲ. ಬಡತನದ ಕಾರಣ ಯಾರೂ ಸಂಸ್ಕಾರದಿಂದ ವಂಚಿತರಾಗಬಾರದೆಂದು ಶ್ರೀಸಭೆಯ ಕಾನೂನು ಗುರುಗಳಿಗೆ ಆಜ್ಞಾಪಿಸಿದೆ. ಪೆಂಡಾಲು, ಬ್ಯಾಂಡು, ಐನೂರು ಜನರ ಊಟ ಮದುವೆಯಲ್ಲ. ಸಾಲ ಮಾಡಿ ಮದುವೆಯಾಗಬೇಡಿ; ಸಾಲವಿದೆಯೆಂದು ಮದುವೆಯನ್ನು ಮುಂದೂಡಲೂ ಬೇಡಿ. ಲೆಕ್ಕವನ್ನೆಲ್ಲ ಒಬ್ಬರಿಗೊಬ್ಬರು ತೋರಿಸಿ, ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಬನ್ನಿ.

ಹಿಬ್ರಿಯರಿಗೆ ಬರೆದ ಪತ್ರ ಯೇಸುಸ್ವಾಮಿಯನ್ನು ಶ್ರೇಷ್ಠ ಒಡಂಬಡಿಕೆಯ ಜಾಮೀನುದಾರ ಎಂದು ಕರೆಯುತ್ತದೆ. ಯಾರೂ ಅವರ ಕೈಹಿಡಿದು ಮೋಸದಿಂದ ಸಹಿ ಹಾಕಿಸಲಿಲ್ಲ. ನಮ್ಮ ಸಾಲ ಎಷ್ಟೆಂದು ತಿಳಿದೇ ಅವರು ಜಾಮೀನು ನಿಂತರು. ಸಂತ ಪೌಲರು ಕೊಲೊಸ್ಸೆಯವರಿಗೆ ಬರೆಯುತ್ತ, ನಮ್ಮ ವಿರುದ್ಧವಿದ್ದ ಸಾಲಪತ್ರ ಶಿಲುಬೆಗೆ ಜಡಿಯಲ್ಪಟ್ಟಿತು ಎಂದು ಸಾರುತ್ತಾರೆ. ಅಂಥ ಜಾಮೀನುದಾರರನ್ನು ಪಡೆದ ನಾವು ನಮ್ಮ ಮನೆಯವರನ್ನು ಕತ್ತಲೆಯಲ್ಲಿ ಸಹಿ ಹಾಕಿಸಿ ಸಿಕ್ಕಿಸಬಾರದು. ಬಿದ್ದವರನ್ನು ನೋಡಿ ಬಾಗಿಲು ಹಾಕಿಕೊಳ್ಳಲೂಬಾರದು.

ಈ ವಾರ ಒಂದು ರಾತ್ರಿ, ಊಟವಾದ ಮೇಲೆ, ಜಪಸರ ಮುಗಿದ ಮೇಲೆ, ಮನೆಯ ಲೆಕ್ಕದ ಪುಸ್ತಕ ತೆಗೆದು ಇಬ್ಬರೂ ಎದುರು ಬದುರು ಕುಳಿತುಕೊಳ್ಳಿರಿ. ಏನೂ ಮುಚ್ಚಿಡಬೇಡಿರಿ. ಆ ಪ್ರಾಮಾಣಿಕ ಮಾತಿನ ನಡುವೆ ದೇವರು ಇರುತ್ತಾರೆ. ಅವರು ನಿಮ್ಮ ಮನೆಯನ್ನೂ ನಿಮ್ಮ ದುಡಿಮೆಯನ್ನೂ ಆಶೀರ್ವದಿಸಲಿ.